ಬೆಳಕಿನಿಂದ ಓಡುವ ನ್ಯಾನೋಕಣಗಳು: ಪ್ರಯೋಗ ಕೈಕೊಟ್ಟಾಗ ಏನು ನೋಡಬೇಕು

ಒಂದು ಹನಿ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಕಣಗಳಿವೆ. ಬೆಳಕು ಬಿದ್ದ ಕೂಡಲೇ ಅವು ಓಡಬೇಕು. ಓಡುವುದಿಲ್ಲ. ಇಲ್ಲವೇ ಓಡಬಾರದ ಕಡೆ ಓಡುತ್ತವೆ. ಈ ಕೆಲಸಕ್ಕೆ ಕೂತವರೆಲ್ಲ ಒಂದಲ್ಲ ಒಂದು ದಿನ ಇಲ್ಲಿಗೆ ಬಂದು ನಿಲ್ಲುತ್ತಾರೆ.

ದ್ರವದೊಳಗಿನ ಕಣವನ್ನು ಸರಿಸುವ ಕೈಗಳು ಮೂರು. ಒಂದು ನೀರಿನ ಹರಿವು. ಎರಡನೆಯದು ಬ್ರೌನಿಯನ್ ಅಲುಗಾಟ, ಅಂದರೆ ನೀರಿನ ಅಣುಗಳು ಎಡೆಬಿಡದೆ ಗುದ್ದುವುದರಿಂದ ಬರುವ ಗೊತ್ತುಗುರಿಯಿಲ್ಲದ ಓಡಾಟ. ಮೂರನೆಯದು ಬೆಳಕು ಕೊಡುವ ತಳ್ಳು. ನಮಗೆ ಬೇಕಿರುವುದು ಮೂರನೆಯದು. ಹೆಚ್ಚಿನ ಸಲ ಮೈಕ್ರೋಸ್ಕೋಪಿನಲ್ಲಿ ಕಾಣುವುದು ಮೊದಲನೆಯದು. ಹಾಗಾಗಿ ಏನೇ ತೊಂದರೆ ಬಂದರೂ ಬೆಳಕು ಆರಿಸಿ ಒಂದು ನಿಮಿಷ ಸುಮ್ನೆ ನೋಡಿ. ಕಣವನ್ನು ದೂರುವ ಮೊದಲು ನೀರನ್ನು ವಿಚಾರಿಸಿ.

ಇಲ್ಲಿ ಹೇಳಿರುವುದು ಮೂರು ಬಗೆಯ ಕಣಗಳಿಗೆ ಹೊಂದುತ್ತದೆ. ಬೆಳಕು ಹೀರಿ ಬಿಸಿಯಾಗುವ ಚಿನ್ನದ ಕಣಗಳು. ಒಂದು ಮಗ್ಗುಲಿಗೆ ಮಾತ್ರ ಚಿನ್ನದ ಲೇಪ ಇರುವ ಗಾಜಿನ ಅಥವಾ ಪ್ಲಾಸ್ಟಿಕ್ಕಿನ ಗುಂಡುಗಳು, ಅಂದರೆ ಜಾನಸ್ ಕಣಗಳು. ಮತ್ತು ಬೆಳಕಿನಲ್ಲಿ ಸುತ್ತಲಿನ ದ್ರವದ ಜೊತೆ ರಾಸಾಯನಿಕ ಕ್ರಿಯೆ ನಡೆಸಿ ಸರಿಯುವ ಟೈಟಾನಿಯಂ ಡೈಆಕ್ಸೈಡ್ ಕಣಗಳು.

ಕೈ ಹಾಕುವ ಮೊದಲು

ಲೇಸರ್ ಹೊತ್ತಿರುವಾಗ ಐಪೀಸಿಗೆ ಕಣ್ಣಿಡಬೇಡಿ. ಯಾವತ್ತೂ, ಒಂದು ಕ್ಷಣಕ್ಕೂ. ಕ್ಯಾಮೆರಾದಲ್ಲೇ ನೋಡಿ. ಉಂಗುರ, ಕೈಗಡಿಯಾರ ತೆಗೆದಿಡಿ, ಅವುಗಳಿಂದ ಚಿಮ್ಮಿದ ಬೆಳಕೂ ಕಣ್ಣು ಕೆಡಿಸಬಲ್ಲದು. ಕನ್ನಡಕದ ಮೇಲೆ ಬರೆದ ತರಂಗಾಂತರ ನಿಮ್ಮ ಲೇಸರಿನದ್ದೇ ಹೌದಾ ನೋಡಿಕೊಳ್ಳಿ. 532 ನ್ಯಾನೋಮೀಟರಿನ ಹಸಿರು ತಡೆಯುವ ಕನ್ನಡಕ 1064 ನ್ಯಾನೋಮೀಟರಿನ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹಾಗೇ ಒಳಗೆ ಬಿಡಬಹುದು. ಅಗ್ಗದ ಹಸಿರು ಲೇಸರುಗಳಲ್ಲಿ ಈ ಅವಕೆಂಪು ಬೆಳಕು ಹಸಿರಿನ ಜೊತೆಯಲ್ಲೇ ಸೋರುವುದುಂಟು.

365 ನ್ಯಾನೋಮೀಟರಿನ ನೇರಳಾತೀತ ದೀಪ ಮಂಕಾಗಿ ಕಂಡರೂ ಅದರ ಶಕ್ತಿ ಮಂಕಲ್ಲ. ಕಣ್ಣು ಮತ್ತು ಚರ್ಮ ಎರಡನ್ನೂ ಮುಚ್ಚಿಕೊಳ್ಳಿ. ಕಣದ ಓಟಕ್ಕೆ ಇಂಧನವಾಗಿ ಹೈಡ್ರೋಜನ್ ಪೆರಾಕ್ಸೈಡ್ ಬಳಸುವುದಾದರೆ ಅದನ್ನು ಗಾಳಿಯಾಡದಂತೆ ಬಿಗಿಯಾಗಿ ಮುಚ್ಚಿಡಬೇಡಿ. ಆಮ್ಲಜನಕ ತುಂಬಿ ಬಾಟಲಿ ಸಿಡಿಯಬಹುದು. ಒಮ್ಮೆ ಹೊರತೆಗೆದದ್ದನ್ನು ಮತ್ತೆ ಬಾಟಲಿಗೆ ಸುರಿಯಬೇಡಿ. ಒಣಗಿದ ನ್ಯಾನೋಪುಡಿಯನ್ನು ತೆರೆದ ಮೇಜಿನ ಮೇಲೆ ಕೆದಕಬೇಡಿ. ದ್ರವದಲ್ಲಿ ಇರುವಾಗ ಅದು ಉಸಿರಿಗೆ ಹೋಗುವ ಭಯ ತೀರಾ ಕಡಿಮೆ.

ಎಲ್ಲ ಕಣಗಳೂ ಒಂದೇ ಕಡೆಗೆ ಸಾಗುತ್ತಿವೆ

ಅತಿ ಹೆಚ್ಚು ಜನರಿಗೆ ಮೋಸ ಮಾಡುವ ಲಕ್ಷಣ ಇದೇ. ನೋಡೋಕೆ ತುಂಬಾ ಚೆನ್ನಾಗಿರುತ್ತದೆ. ಮೆರವಣಿಗೆ ಹೊರಟ ಹಾಗೆ ಎಲ್ಲವೂ ಎಡಕ್ಕೆ ಹೋಗುತ್ತಿರುತ್ತವೆ. ಬೆಳಕು ಆರಿಸಿ. ಆಗಲೂ ಹೋಗುತ್ತಿವೆಯಾ? ಹಾಗಾದರೆ ಹರಿಯುತ್ತಿರುವುದು ನೀರು.

ಮೊದಲು ಹನಿಯ ಮೇಲೆ ಮುಚ್ಚುವ ತೆಳು ಗಾಜಿನ, ಅಂದರೆ ಕವರ್‌ಸ್ಲಿಪ್ಪಿನ ಅಂಚು ನೋಡಿ. ನಾನು ಒಮ್ಮೆ ಎರಡು ದಿನದ ವಿಡಿಯೋಗಳನ್ನು ಕಳೆದುಕೊಂಡದ್ದು ಇಲ್ಲಿಯೇ. ಅಂಚಿಗೆ ನೇಲ್ ಪಾಲಿಷ್ ಬಳಿದಿದ್ದೆ, ಕಣ್ಣಿಗೆ ಪೂರ್ತಿ ಮುಚ್ಚಿದ ಹಾಗೇ ಇತ್ತು. ಸ್ಲೈಡನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಅದರ ಬಾಯಲ್ಲಿ ಒಣಗಿದ ಕಣಗಳ ಸಣ್ಣ ಕೆಂಪು ಗೆರೆ ಕೂತಿತ್ತು. ನೀರು ಅಲ್ಲಿಂದ ಆವಿಯಾಗುತ್ತಿತ್ತು, ಕಣಗಳೆಲ್ಲ ಅದರ ಹಿಂದೆ ಹೊರಟಿದ್ದವು. ಅವತ್ತಿನಿಂದ ಮೊದಲ ಲೇಪ ಒಣಗಿದ ಮೇಲೆ ಎರಡನೆಯ ಲೇಪ ಹಾಕದೆ ಸ್ಲೈಡನ್ನು ಮೈಕ್ರೋಸ್ಕೋಪಿಗೆ ಏರಿಸುವುದಿಲ್ಲ. ನೇಲ್ ಪಾಲಿಷ್ ಪೂರ್ತಿ ಒಣಗುವ ತನಕ ಕಾಯಿರಿ, ಅದರ ದ್ರಾವಕ ನೀರಿಗೆ ಸೇರಿದರೆ ಅದೇ ಬೇರೆ ತೊಂದರೆ ತರುತ್ತದೆ. ವ್ಯಾಸಲೀನ್, ಲ್ಯಾನೋಲಿನ್, ಪ್ಯಾರಾಫಿನ್ ಮೂರನ್ನೂ ಸಮಪಾಲು ಕರಗಿಸಿ ಹಚ್ಚಿದರೆ ಆ ತಾಪತ್ರಯ ಇಲ್ಲ.

ಅಂಚು ಸರಿಯಿದ್ದರೆ ಒಳಗೆ ಗಾಳಿಗುಳ್ಳೆ ಇದೆಯಾ ನೋಡಿ. ಗುಳ್ಳೆ ಹಿಗ್ಗಿ ಕುಗ್ಗಿದಂತೆ ನೀರು ಹಿಂದೆ ಮುಂದೆ ಆಡುತ್ತದೆ. ಗುಳ್ಳೆ ಇದ್ದ ಸ್ಲೈಡನ್ನು ರಿಪೇರಿ ಮಾಡಲು ಹೋಗಬೇಡಿ, ಹೊಸದು ಮಾಡಿ. ಆಮೇಲೆ ಮೇಜು ಮಟ್ಟವಾಗಿದೆಯಾ, ಫ್ಯಾನ್ ಅಥವಾ ಎಸಿಯ ಗಾಳಿ ನೇರವಾಗಿ ಬೀಳುತ್ತಿದೆಯಾ ನೋಡಿ. ಸ್ಲೈಡ್ ಇಟ್ಟ ಕೂಡಲೇ ರೆಕಾರ್ಡ್ ಮಾಡಬೇಡಿ. ಹತ್ತು ಹದಿನೈದು ನಿಮಿಷ ಬಿಟ್ಟರೆ ನೀರು ತಣ್ಣಗೆ ನಿಲ್ಲುತ್ತದೆ.

ಹರಿವು ಸ್ವಲ್ಪ ಉಳಿದೇ ಉಳಿಯುತ್ತದೆ. ಅದನ್ನು ಲೆಕ್ಕದಲ್ಲಿ ಕಳೆಯಬಹುದು. ಪ್ರತಿ ಫ್ರೇಮಿನಲ್ಲೂ ಎಲ್ಲ ಕಣಗಳ ಸರಾಸರಿ ಸರಿತ, ಅಂದರೆ ಹಿಂದಿನ ಫ್ರೇಮಿನಿಂದ ಸರಿದ ದೂರ ಮತ್ತು ದಿಕ್ಕು, ತೆಗೆದು, ಒಂದೊಂದು ಕಣದ ಸರಿತದಿಂದ ಕಳೆಯಿರಿ. ಆದರೆ ಹತ್ತೇ ಕಣ ಇಟ್ಟುಕೊಂಡು ಹೀಗೆ ಮಾಡಿದರೆ ನಿಜವಾದ ಓಟವೂ ಕಳೆದು ಹೋಗುತ್ತದೆ. ಇನ್ನೂ ನಂಬಿಕೆಯ ದಾರಿ ಅಂದರೆ, ಲೇಪ ಇಲ್ಲದ ಸಾದಾ ಪಾಲಿಸ್ಟೈರೀನ್ ಗುಂಡುಗಳನ್ನು ಒಂದಷ್ಟು ಅದೇ ಹನಿಯಲ್ಲಿ ಬೆರೆಸುವುದು. ಸಾದಾ ಗುಂಡೂ ಓಡಿದರೆ ನೀರು ಹರಿಯುತ್ತಿದೆ. ಲೇಪ ಇದ್ದದ್ದು ಮಾತ್ರ ಓಡಿದರೆ ಅದು ನಿಮ್ಮ ಕಣದ ಸ್ವಂತ ಓಟ. 1827ರಲ್ಲಿ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಮಾಡಿದ್ದೂ ಇಂಥದ್ದೇ ಪರೀಕ್ಷೆ. ಪರಾಗದಿಂದ ಬಂದ ಕಣಗಳು ಕುಣಿಯುವುದನ್ನು ಕಂಡು ಅವು ಜೀವಂತ ಅಂತ ಅಲ್ಲಿಗೇ ಬಿಡಲಿಲ್ಲ. ಜೀವವೇ ಇಲ್ಲದ ಗಾಜಿನ, ಕಲ್ಲಿನ ಪುಡಿಯನ್ನೂ ಹಾಕಿ ನೋಡಿದರು. ಅವೂ ಕುಣಿದವು.

ಬೆಳಕು ಆರಿಸಿದರೂ ಕಣಗಳು ಬೇರೆ ಬೇರೆ ದಿಕ್ಕಿಗೆ ಓಡುತ್ತಲೇ ಇವೆ

ಇದು ಹರಿವಲ್ಲ. ಪ್ಲಾಟಿನಂ ಲೇಪ ಇರುವ ಕಣವನ್ನು ಪೆರಾಕ್ಸೈಡಿಗೆ ಹಾಕಿದ್ದರೆ ಕಾರಣ ಕೈಯಲ್ಲೇ ಇದೆ. ಪ್ಲಾಟಿನಂ ಕತ್ತಲಲ್ಲೂ ಪೆರಾಕ್ಸೈಡನ್ನು ಒಡೆಯುತ್ತದೆ. ಅದೇ ಕಣವನ್ನು ಬರೀ ನೀರಿನಲ್ಲಿ ನೋಡಿ. ಎರಡನೆಯ ಅನುಮಾನ ಮೈಕ್ರೋಸ್ಕೋಪಿನ ಸ್ವಂತ ದೀಪ. ನೋಡಲೆಂದು ಹಾಕಿದ ಬೆಳಕೇ ಕಣವನ್ನು ಓಡಿಸುತ್ತಿರಬಹುದು. ದೀಪದ ಮುಂದೆ ಕೆಂಪು ಫಿಲ್ಟರ್ ಇಟ್ಟರೆ ಟೈಟಾನಿಯಂ ಡೈಆಕ್ಸೈಡ್ ಸುಮ್ಮನಾಗುತ್ತದೆ.

ಕಣ ಕಾಣುವುದೇ ಇಲ್ಲ, ಅಥವಾ ಮಿಣುಕಿ ಮಾಯವಾಗುತ್ತದೆ

ಏನೂ ಕಾಣದಿದ್ದರೆ ಮೊದಲು ಫೋಕಸ್. ಗಾಜಿನ ಮೇಲೆ ಪೆನ್ನಿನ ಚುಕ್ಕೆ ಇಟ್ಟು ಅದಕ್ಕೆ ಫೋಕಸ್ ಮಾಡಿ, ಆಮೇಲೆ ನಿಧಾನವಾಗಿ ದ್ರವದೊಳಗೆ ಇಳಿಯಿರಿ. ಡಾರ್ಕ್‌ಫೀಲ್ಡಿನಲ್ಲಿ, ಅಂದರೆ ಕಪ್ಪು ಹಿನ್ನೆಲೆಯಲ್ಲಿ ಕಣ ಚೆದುರಿಸಿದ ಬೆಳಕು ಮಾತ್ರ ಕಾಣುವ ವಿಧಾನದಲ್ಲಿ, ಕೆಲಸ ಮಾಡುತ್ತಿದ್ದರೆ ಸ್ಯಾಂಪಲಿಗೆ ಬೆಳಕು ಕೂಡಿಸುವ ಕಂಡೆನ್ಸರ್ ಲೆನ್ಸಿಗೂ ಎಣ್ಣೆ ಹಾಕಿದ್ದೀರಾ, ಎಣ್ಣೆಯಲ್ಲಿ ಗುಳ್ಳೆ ಇಲ್ಲ ಅಲ್ವಾ ನೋಡಿ. ಲೇಸರ್ ತಡೆಯುವ ಫಿಲ್ಟರ್ ಜಾಗದಲ್ಲಿ ಇಲ್ಲದಿದ್ದರೆ ಕ್ಯಾಮೆರಾ ಪೂರ್ತಿ ಬೆಳ್ಳಗಾಗುತ್ತದೆ.

ತುಂಬ ಚಿಕ್ಕ ಕಣ ಚೆದುರಿಸುವ ಬೆಳಕು ಅದರ ಅಳತೆಯ ಆರನೇ ಘಾತಕ್ಕೆ ತಕ್ಕಂತೆ ಇರುತ್ತದೆ. ಅಳತೆ ಅರ್ಧವಾದರೆ ಬೆಳಕು 64 ಪಟ್ಟು ಕಡಿಮೆ. ಹಾಗಾಗಿ 50 ನ್ಯಾನೋಮೀಟರಿನ ಚಿನ್ನ ಕಾಣುವ ಸೆಟಪ್‌ನಲ್ಲಿ 20ರದ್ದು ಕಾಣದಿದ್ದರೆ ಅದು ದೋಷವೇ ಅಲ್ಲ.

ಒಂದು ಚುಕ್ಕೆ ಸ್ವಲ್ಪವೂ ಅಲ್ಲಾಡದೆ ಕೂತಿದ್ದರೆ ಸ್ಲೈಡ್ ಸರಿಸಿ. ಸ್ಲೈಡಿನ ಜೊತೆ ಅದೂ ಸರಿಯದಿದ್ದರೆ ಅದು ಕಣವಲ್ಲ, ಲೆನ್ಸಿನ ಅಥವಾ ಕ್ಯಾಮೆರಾದ ಮೇಲಿನ ದೂಳು. ಕ್ಯಾಮೆರಾ ತಿರುಗಿಸಿದರೂ ಚಿತ್ರದಲ್ಲಿ ಅದೇ ಜಾಗದಲ್ಲಿದ್ದರೆ ದೂಳು ಕ್ಯಾಮೆರಾದ್ದೇ. ಸೆನ್ಸರನ್ನು ಬಟ್ಟೆಯಿಂದ ಒರೆಸಲು ಹೋಗಬೇಡಿ. ಅದು ತಿಳಿದವರ ಕೆಲಸ.

ಮಿಣುಕಿ ಮಾಯವಾಗುವುದು ಬೇರೆ ಕತೆ. 100 ನ್ಯಾನೋಮೀಟರ್ ಅಡ್ಡಳತೆಯ ಕಣದ ವಿಸರಣೆಯ ಗುಣಾಂಕ, ಅಂದರೆ ಅಲುಗಾಡುತ್ತ ಅದು ಎಷ್ಟು ಬೇಗ ಹರಡುತ್ತದೆ ಅನ್ನುವ ಅಳತೆ, 25 ಡಿಗ್ರಿಯ ನೀರಿನಲ್ಲಿ ಸೆಕೆಂಡಿಗೆ ಸುಮಾರು 4.9 ಚದರ ಮೈಕ್ರೋಮೀಟರ್. ಫೋಕಸಿನ ಪದರ ಒಂದು ಮೈಕ್ರೋಮೀಟರ್ ದಪ್ಪ ಇದ್ದರೆ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಕಣ ಅದರಿಂದ ಹೊರಗೆ. ಇದಕ್ಕೆ ಕಣವನ್ನು ಬೈದು ಪ್ರಯೋಜನವಿಲ್ಲ. ಹನಿ ಕೂರುವ ಚೇಂಬರನ್ನು ತೆಳ್ಳಗೆ ಮಾಡಿ, ಅಥವಾ ಗ್ಲಿಸರಾಲ್ ಸೇರಿಸಿ. ತೂಕದಲ್ಲಿ ಅರ್ಧಕ್ಕರ್ಧ ಗ್ಲಿಸರಾಲ್ ಬೆರೆಸಿದರೆ ಸ್ನಿಗ್ಧತೆ, ಅಂದರೆ ದ್ರವದ ಮಂದತನ, 5-6 ಪಟ್ಟು ಏರುತ್ತದೆ. ಆದರೆ ಬೆಳಕಿನ ಓಟವೂ ಅಷ್ಟೇ ನಿಧಾನವಾಗುತ್ತದೆ, ಮರೆಯಬೇಡಿ.

ಕಣಗಳು ಗಾಜಿಗೆ ಅಂಟಿ ಕೂತಿವೆ, ಅಥವಾ ಗುಂಪು ಕಟ್ಟುತ್ತಿವೆ

ಎರಡಕ್ಕೂ ಸಾಮಾನ್ಯವಾಗಿ ಕಾರಣ ಉಪ್ಪು. ನೀರಿನಲ್ಲಿ ಗಾಜಿನ ಮೇಲ್ಮೈಗೂ ಹೆಚ್ಚಿನ ಕಣಗಳಿಗೂ ಋಣ ವಿದ್ಯುದಂಶ ಇರುತ್ತದೆ, ಹಾಗಾಗಿ ದೂರ ತಳ್ಳಿಕೊಳ್ಳುತ್ತವೆ. ಉಪ್ಪು ಬಂದರೆ ಈ ತಳ್ಳಾಟ ಮುಚ್ಚಿಹೋಗುತ್ತದೆ. ಅಡುಗೆ ಉಪ್ಪಿನ 1 ಮಿಲಿಮೋಲಾರ್ ದ್ರಾವಣದಲ್ಲಿ ಈ ತಳ್ಳಾಟ ಸುಮಾರು 10 ನ್ಯಾನೋಮೀಟರ್ ತನಕ ಮುಟ್ಟುತ್ತದೆ, 100 ಮಿಲಿಮೋಲಾರಿನಲ್ಲಿ ಬರೀ 1 ನ್ಯಾನೋಮೀಟರ್.

ಇದನ್ನು ಕಣ್ಣಾರೆ ನೋಡಬೇಕೆಂದರೆ ಚಿನ್ನದ ದ್ರಾವಣ ಒಂದು ಹನಿ ತೆಗೆದು ಬಿಳಿ ಟೈಲ್ ಮೇಲಿಡಿ. ಕುಂಕುಮದ ನೀರಿನ ಹಾಗೆ ಕೆಂಪಗಿರುತ್ತದೆ. ಪಕ್ಕದಿಂದ ಉಪ್ಪುನೀರು ಒಂದು ತೊಟ್ಟು ತಾಗಿಸಿ. ತಾಗಿದ ಅಂಚಿನಿಂದ ನೇರಳೆ ಹಬ್ಬುತ್ತದೆ, ನೋಡನೋಡುತ್ತಲೇ ಹನಿ ಪೂರ್ತಿ ನೀಲಿ ಬೂದಾಗುತ್ತದೆ. ಕಣಗಳು ಒಟ್ಟಿಗೆ ಸೇರಿದ್ದರ ಬಣ್ಣ ಅದು. ನಿಮ್ಮ ಸ್ಯಾಂಪಲ್ ಬಾಟಲಿ ಕೆಂಪಿನಿಂದ ನೇರಳೆಗೆ ತಿರುಗಿದ್ದರೆ ಮೈಕ್ರೋಸ್ಕೋಪಿನ ಬಳಿಗೆ ಹೋಗುವ ಕಷ್ಟ ಬೇಡ. ಅಲುಗಾಡಿಸಿದರೂ ಸೋನಿಕೇಟ್ ಮಾಡಿದರೂ (ಶ್ರವಣಾತೀತ ಅಲೆಗಳಿಂದ ಕದಡಿದರೂ) ಅದು ಮೊದಲಿನ ಹಾಗೆ ಆಗುವುದು ಅಪರೂಪ. ಹೊಸ ಬಾಟಲಿ ತೆಗೆಯಿರಿ.

ಬಣ್ಣ ಸರಿಯಿದ್ದೂ ಗಾಜಿಗೆ ಅಂಟುತ್ತಿದ್ದರೆ ಸ್ಲೈಡನ್ನು ಚೆನ್ನಾಗಿ ತೊಳೆದು, ಅಯಾನುಗಳಿಲ್ಲದ ನೀರಿನಲ್ಲಿ ಜಾಲಿಸಿ, ಪ್ಲಾಸ್ಮಾ ಕ್ಲೀನರ್ ಇದ್ದರೆ ಅದಕ್ಕೆ ಹಾಕಿ. ಗಂಧಕಾಮ್ಲ ಮತ್ತು ಪೆರಾಕ್ಸೈಡ್ ಬೆರೆಸಿದ ಪಿರಾನಾ ದ್ರಾವಣವನ್ನು ಪುಸ್ತಕ ನೋಡಿಕೊಂಡು ಒಬ್ಬರೇ ಮಾಡಬೇಡಿ. ಸಾವಯವ ವಸ್ತು ತಾಗಿದರೆ ಅದು ಸಿಡಿಯುತ್ತದೆ. ಅದನ್ನು ಬಳಸಿ ರೂಢಿಯಿರುವವರು ಪಕ್ಕದಲ್ಲಿ ಇರಲೇಬೇಕು.

ಚಿನ್ನ ತೂಕದ್ದು, ನೀರಿಗಿಂತ 19 ಪಟ್ಟು. 100 ನ್ಯಾನೋಮೀಟರಿನ ಚಿನ್ನದ ಕಣ ಸೆಕೆಂಡಿಗೆ ಸುಮಾರು 0.1 ಮೈಕ್ರೋಮೀಟರ್ ಕೆಳಗಿಳಿಯುತ್ತದೆ. ಅಂದರೆ 100 ಮೈಕ್ರೋಮೀಟರ್ ಆಳದ ಚೇಂಬರಿನಲ್ಲಿ ಕಾಲು ಗಂಟೆಗೆ ತಳದ ಹತ್ತಿರ. ಅದು ಅಂಟಿದ್ದಲ್ಲ, ಇಳಿದದ್ದು. ಪಕ್ಕಕ್ಕೆ ಸ್ವಲ್ಪವಾದರೂ ಅಲುಗಾಡುತ್ತಿದ್ದರೆ ಅಂಟಿಲ್ಲ ಅಂತಲೇ ತಿಳಿಯಿರಿ.

ಬೆಳಕು ಹಾಕಿದರೂ ಏನೂ ಬದಲಾಗುವುದಿಲ್ಲ

ಬಣ್ಣ ಹೊಂದುತ್ತದಾ ನೋಡಿ. ಅನಟೇಸ್ ರೂಪದ ಟೈಟಾನಿಯಂ ಡೈಆಕ್ಸೈಡಿಗೆ 388 ನ್ಯಾನೋಮೀಟರಿಗಿಂತ ಚಿಕ್ಕ ತರಂಗಾಂತರ ಬೇಕು. ಹಸಿರು ಲೇಸರ್ ಎಷ್ಟು ಏರಿಸಿದರೂ ಅದು ಕದಲುವುದಿಲ್ಲ. ಚಿಕ್ಕ ಚಿನ್ನದ ಗುಂಡುಗಳು ನೀರಿನಲ್ಲಿ 520ರ ಆಸುಪಾಸು ಹೆಚ್ಚು ಹೀರುತ್ತವೆ, ಹಾಗಾಗಿ 532 ಅವಕ್ಕೆ ಹಿಡಿಸುತ್ತದೆ.

ಆಮೇಲೆ ಶಕ್ತಿ. ಲೇಸರ್ ಪೆಟ್ಟಿಗೆ ತೋರಿಸುವ ಅಂಕಿಯನ್ನು ನಂಬಬೇಡಿ. ಕನ್ನಡಿ, ಫಿಲ್ಟರ್, ಆಬ್ಜೆಕ್ಟಿವ್ ದಾಟಿ ಸ್ಯಾಂಪಲ್ ಇರುವ ಜಾಗಕ್ಕೆ ಎಷ್ಟು ಬರುತ್ತದೆ ಎಂದು ಪವರ್ ಮೀಟರ್ ಇಟ್ಟು ಅಳೆಯಿರಿ. ಕಿರಣ ನೀವು ನೋಡುತ್ತಿರುವ ಜಾಗದ ಮೇಲೇ ಬೀಳುತ್ತಿದೆಯಾ ಅನ್ನುವುದನ್ನು ತೀರಾ ಕಡಿಮೆ ಶಕ್ತಿಯಲ್ಲಿ ಪರೀಕ್ಷಿಸಿ. ಕನ್ನಡಿ ತಿರುಗಿಸಿ ಕಿರಣವನ್ನು ಹೊಂದಿಸುವ ಅಭ್ಯಾಸ ಇಲ್ಲದಿದ್ದರೆ ಇಲ್ಲಿ ನಿಲ್ಲಿ, ತಿಳಿದವರನ್ನು ಕರೆಯಿರಿ. ಕಣ್ಣಿಗೆ ಪೆಟ್ಟಾಗುವ ಅಪಾಯ ಅತಿ ಹೆಚ್ಚಿರುವುದು ಈ ಕೆಲಸದಲ್ಲೇ.

ನೀರು ಮತ್ತು ಲುಟಿಡಿನ್ ಎಂಬ ಸಾವಯವ ದ್ರವದ ಮಿಶ್ರಣದಲ್ಲಿ ಜಾನಸ್ ಕಣ ಓಡಿಸುವವರು ಮಿಶ್ರಣದ ಉಷ್ಣಾಂಶ ನೋಡಲಿ. ಈ ಮಿಶ್ರಣ ಎರಡು ದ್ರವಗಳಾಗಿ ಬೇರೆಯಾಗುವುದು ಸುಮಾರು 34 ಡಿಗ್ರಿಯಲ್ಲಿ. ಅದಕ್ಕಿಂತ ಸ್ವಲ್ಪವೇ ಕೆಳಗೆ ಇಟ್ಟರೆ ಬೆಳಕಿನ ಚೂರು ಬಿಸಿಗೇ ಓಟ ಶುರು. ತುಂಬ ಕೆಳಗಿದ್ದರೆ ಕಣ ಸುಮ್ಮನಿರುತ್ತದೆ. ಲುಟಿಡಿನ್ ವಿಷ, ಬೆಂಕಿಗೂ ಹತ್ತುತ್ತದೆ, ಆವಿ ಹೊರಗೆಳೆಯುವ ಫ್ಯೂಮ್ ಹುಡ್ ಬಿಟ್ಟು ಬೇರೆಲ್ಲೂ ತೆರೆಯಬೇಡಿ.

ಇವೆಲ್ಲ ಸರಿಯಿದ್ದೂ ಓಟ ಕಾಣದಿದ್ದರೆ, ಓಟ ಇದ್ದರೂ ಕಾಣದೆ ಇರಬಹುದು. ಇದು ನನಗೆ ಈ ವಿಷಯದಲ್ಲಿ ತುಂಬ ಇಷ್ಟವಾದ ಸಂಗತಿ. ಕಣ ತನ್ನ ಮುಖ ಯಾವ ಕಡೆಗಿದೆ ಅನ್ನುವುದನ್ನು ಎಷ್ಟು ಹೊತ್ತು ನೆನಪಿಡುತ್ತದೆ? ಒಂದು ಮೈಕ್ರೋಮೀಟರ್ ಅಡ್ಡಳತೆಯ ಗುಂಡಾದರೆ ನೀರಿನಲ್ಲಿ ಸುಮಾರು 0.7 ಸೆಕೆಂಡ್. 100 ನ್ಯಾನೋಮೀಟರಿನದ್ದಾದರೆ ಅದರ ಸಾವಿರದಲ್ಲಿ ಒಂದು ಪಾಲು. ಮಿಲಿಸೆಕೆಂಡ್ ಕಳೆಯುವುದರೊಳಗೆ ಅದು ಬೇರೆ ಕಡೆ ತಿರುಗಿಬಿಟ್ಟಿರುತ್ತದೆ. ಹಾಗಾಗಿ ನ್ಯಾನೋಕಣ ನೆಟ್ಟಗೆ ಓಡುವುದನ್ನು ಕಾಯುತ್ತ ಕೂರಬೇಡಿ. ಅದರ ಓಟ ಕಾಣುವುದು ಅಲುಗಾಟ ಜಾಸ್ತಿಯಾದಂತೆ. ವಿಸರಣೆಯ ಗುಣಾಂಕವನ್ನು ಬೆಳಕಿದ್ದಾಗ ಮತ್ತು ಇಲ್ಲದಾಗ ಅಳೆದು ಹೋಲಿಸಿ.

ಬೆಳಕು ಹಾಕಿದರೆ ಅಲುಗಾಟ ಜಾಸ್ತಿಯಾಗುತ್ತದೆ, ಆದರೆ ಅದು ಓಟವಾ?

ಬರೀ ಬಿಸಿಯೂ ಆಗಿರಬಹುದು. ನೀರು 20 ಡಿಗ್ರಿಯಿಂದ 30ಕ್ಕೆ ಏರಿದರೆ ಸಾಕು, ಸ್ನಿಗ್ಧತೆ ಇಳಿದು ವಿಸರಣೆ ಸುಮಾರು 30 ಪ್ರತಿಶತ ಏರುತ್ತದೆ. ಯಾವ ತಳ್ಳೂ ಇಲ್ಲದೆ. 100 ನ್ಯಾನೋಮೀಟರಿನ ಚಿನ್ನದ ಕಣ 10 ಮೈಕ್ರೋವಾಟ್ ಹೀರಿದರೆ ಅದರ ಮೈ ಸುತ್ತಲಿನ ನೀರಿಗಿಂತ ಸುಮಾರು 26 ಡಿಗ್ರಿ ಹೆಚ್ಚು ಬಿಸಿಯಾಗುತ್ತದೆ.

ಬೇರ್ಪಡಿಸುವುದು ಹೀಗೆ. ಎರಡೂ ಮಗ್ಗುಲಿಗೆ ಒಂದೇ ಥರ ಲೇಪ ಇರುವ, ಅಷ್ಟೇ ದೊಡ್ಡ ಕಣವನ್ನು ಅದೇ ಬೆಳಕಿನಲ್ಲಿ ನೋಡಿ. ಅದೂ ಬಿಸಿಯಾಗುತ್ತದೆ, ಆದರೆ ಅದಕ್ಕೆ ಹೋಗಬೇಕಾದ ದಿಕ್ಕು ಅಂತ ಇಲ್ಲ. ಅದರ ಅಲುಗಾಟವೂ ನಿಮ್ಮ ಜಾನಸ್ ಕಣದಷ್ಟೇ ಏರಿದರೆ ನೀವು ಅಳೆದದ್ದು ಬಿಸಿ.

ಬೆಳಕು ಬಿದ್ದ ಕೂಡಲೇ ಎಲ್ಲವೂ ಕಿರಣದ ಕಡೆ, ಅಥವಾ ಕಿರಣದಿಂದ ದೂರ

ಮೂವರು ಆರೋಪಿಗಳು. ಬಿಸಿಯಾದ ನೀರು ಮೇಲೇರಿ ಸುತ್ತುವ ಹರಿವು, ಬಿಸಿ ತಣ್ಣನೆಯ ವ್ಯತ್ಯಾಸಕ್ಕೆ ಕಣ ಸರಿಯುವುದು, ಮತ್ತು ಬೆಳಕಿನ ಒತ್ತಡ. ಚೇಂಬರಿನ ದಪ್ಪ ಅರ್ಧ ಮಾಡಿ. ವೇಗ ಅರ್ಧಕ್ಕಿಂತಲೂ ತುಂಬ ಕೆಳಗೆ ಇಳಿದರೆ ಅದು ಸುತ್ತುಹರಿವು. ಕಿರಣವನ್ನು ಎದುರು ಕಡೆಯಿಂದ ಹಾಯಿಸಿ. ಕಣವೂ ಎದುರು ದಿಕ್ಕಿಗೆ ತಿರುಗಿದರೆ ಬೆಳಕಿನ ಒತ್ತಡ.

ಈ ಒತ್ತಡ ಚಿಕ್ಕದು ಅಂತ ತಳ್ಳಿಹಾಕಬೇಡಿ. 1 ಮಿಲಿವಾಟ್ ಬೆಳಕನ್ನು ನೀರಿನಲ್ಲಿ ಪೂರ್ತಿ ಹೀರಿದ ವಸ್ತುವಿನ ಮೇಲೆ ಸುಮಾರು 4 ಪಿಕೋನ್ಯೂಟನ್ ಬಲ ಬೀಳುತ್ತದೆ. 100 ನ್ಯಾನೋಮೀಟರಿನ ಕಣವನ್ನು ಸೆಕೆಂಡಿಗೆ ಒಂದು ಮೈಕ್ರೋಮೀಟರ್ ಓಡಿಸಲು ಅದರ ನಾಲ್ಕು ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಸಾಕು. 1970ರಲ್ಲಿ ಭೌತವಿಜ್ಞಾನಿ ಆರ್ಥರ್ ಆಶ್ಕಿನ್ ನೀರಿನಲ್ಲಿ ಗುಂಡುಗಳನ್ನು ಬೆಳಕಿನಿಂದಲೇ ತಳ್ಳಿ ತೋರಿಸಿದಾಗ ಬಿಸಿಯ ಗೊಂದಲ ಬರದಿರಲಿ ಎಂದು ಬೆಳಕು ಹೀರದ ತಿಳಿ ಗುಂಡುಗಳನ್ನೇ ಆರಿಸಿಕೊಂಡಿದ್ದರು. ಚಿನ್ನದ ಜೊತೆ ಕೆಲಸ ಮಾಡುವ ನಮಗೆ ಆ ಅನುಕೂಲ ಇಲ್ಲ. ಹಾಗಾಗಿ ಈ ಪರೀಕ್ಷೆಗಳನ್ನು ಬಿಡುವ ಹಾಗೂ ಇಲ್ಲ.

ಕಿರಣದ ಜಾಗದಲ್ಲಿ ಗುಳ್ಳೆ ಎದ್ದರೆ ಲೇಸರ್ ಕೂಡಲೇ ಆರಿಸಿ. ಗುಳ್ಳೆ ಸುತ್ತಲಿನ ಕಣಗಳನ್ನೆಲ್ಲ ಎಳೆದು ಗಾಜಿಗೆ ಬಡಿಯುತ್ತದೆ, ಆ ಕಪ್ಪು ಮಚ್ಚೆ ಇನ್ನಷ್ಟು ಬೆಳಕು ಹೀರಿ ಇನ್ನಷ್ಟು ಬಿಸಿಯಾಗುತ್ತದೆ. ಶಕ್ತಿ ಇಳಿಸಿ, ಹೊಸ ಜಾಗಕ್ಕೆ ಹೋಗಿ.

ಚೆನ್ನಾಗಿ ಓಡುತ್ತಿದ್ದವು, ಅರ್ಧ ಗಂಟೆಗೆ ನಿಂತುಹೋದವು

ಪೆರಾಕ್ಸೈಡ್ ಮುಗಿದಿರಬಹುದು. ಹೊಸದು ಹಾಕಿ ನೋಡಿ, ಓಡಿದರೆ ಅಲ್ಲಿಗೆ ಮುಗಿಯಿತು. ಓಡದಿದ್ದರೆ ಲೇಪ ಕಿತ್ತುಹೋಗಿರಬಹುದು, ಜಾಸ್ತಿ ಹೊತ್ತು ಸೋನಿಕೇಟ್ ಮಾಡಿದ ಕಣಗಳಲ್ಲಿ ಇದು ಸಾಮಾನ್ಯ. ಖಚಿತವಾಗಲು ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬೇಕು.

ವಿಡಿಯೋ ಸರಿಯಿದೆ, ಲೆಕ್ಕ ತಾಳೆಯಾಗುವುದಿಲ್ಲ

ಗೊತ್ತಿರುವ ಅಳತೆಯ ಸಾದಾ ಗುಂಡುಗಳಿಂದ ಶುರು ಮಾಡಿ. 1905ರಲ್ಲಿ ಐನ್‌ಸ್ಟೈನ್ ಕೊಟ್ಟ ಲೆಕ್ಕದಂತೆ ಅವುಗಳ ವಿಸರಣೆ ಎಷ್ಟಿರಬೇಕು ಅನ್ನುವುದು ಮೊದಲೇ ಗೊತ್ತು. ಕತ್ತಲಲ್ಲಿ ಅದೇ ಉತ್ತರ ಬರದಿದ್ದರೆ ತಪ್ಪು ನಿಮ್ಮ ಅಳತೆಯಲ್ಲಿದೆ. ಗೊತ್ತಿರುವ ಅಂತರದ ಗೆರೆಗಳಿರುವ ಗಾಜು, ಅಂದರೆ ಸ್ಟೇಜ್ ಮೈಕ್ರೋಮೀಟರ್ ಇಟ್ಟು ಒಂದು ಪಿಕ್ಸೆಲ್ ಎಷ್ಟು ಅಂತ ಮತ್ತೆ ಅಳೆಯಿರಿ. ಇಲ್ಲಿ 10 ಪ್ರತಿಶತ ತಪ್ಪಾದರೆ ವಿಸರಣೆಯಲ್ಲಿ 20ರಷ್ಟು ತಪ್ಪಾಗುತ್ತದೆ. ಕ್ಯಾಮೆರಾದ ಆಟೋ ಎಕ್ಸ್‌ಪೋಷರ್ ಆರಿಸಿ. ಫ್ರೇಮ್ ಬಿಟ್ಟುಹೋಗಿದೆಯಾ ಅಂತ ಸಮಯದ ಮುದ್ರೆಗಳನ್ನು ನೋಡಿ.

ಸರಿದ ದೂರದ ವರ್ಗದ ಸರಾಸರಿಯನ್ನು ಸಮಯದ ಎದುರು ಗೆರೆ ಎಳೆದರೆ ಆಕಾರವೇ ಮಾತಾಡುತ್ತದೆ. ನೇರ ಗೆರೆ ಬಂದರೆ ಅಲುಗಾಟ. ಮೇಲಕ್ಕೆ ಬಾಗಿದರೆ ಓಟ, ಅಥವಾ ಕಳೆಯಲು ಮರೆತ ಹರಿವು. ಬಾಗಿ ಮಟ್ಟಸವಾಗಿ ನಿಂತರೆ ಕಣ ಎಲ್ಲೋ ಸಿಕ್ಕಿಕೊಂಡಿದೆ. ಸೊನ್ನೆಗಿಂತ ಮೇಲಿನಿಂದ ಶುರುವಾದರೆ ಕಣದ ಜಾಗ ಗುರುತಿಸುವಲ್ಲಿ ನಡುಕ ಇದೆ. ಕೆಳಗಿನಿಂದ ಶುರುವಾದರೆ ಎಕ್ಸ್‌ಪೋಷರ್ ಉದ್ದವಾಗಿ ಚಿತ್ರ ಮಸುಕಾಗಿದೆ.

ಸೆಕೆಂಡಿಗೆ 30 ಫ್ರೇಮ್ ತೆಗೆದರೆ 100 ನ್ಯಾನೋಮೀಟರಿನ ಕಣ ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಸುಮಾರು 0.8 ಮೈಕ್ರೋಮೀಟರ್ ಸರಿಯುತ್ತದೆ. ಕಣಗಳ ನಡುವಿನ ಅಂತರ ಇದಕ್ಕಿಂತ ಹಲವು ಪಟ್ಟು ಇರದಿದ್ದರೆ ಸಾಫ್ಟ್‌ವೇರ್ ಒಂದರ ಜಾಡಿಗೆ ಇನ್ನೊಂದನ್ನು ಜೋಡಿಸುತ್ತದೆ. ಕಣಗಳು ವಿರಳವಾಗುವಂತೆ ಸ್ಯಾಂಪಲನ್ನು ತೆಳು ಮಾಡಿ.

ಸಹಾಯ ಕೇಳಲು ಹೋಗುವಾಗ

ಸಾದಾ ಗುಂಡು ಕತ್ತಲಲ್ಲಿ ಸರಿಯಾದ ಉತ್ತರ ಕೊಡುತ್ತಿದೆ, ಹರಿವು ಇಲ್ಲ, ಬಣ್ಣ ಸರಿಯಿದೆ, ಸ್ಯಾಂಪಲ್ ಜಾಗದ ಶಕ್ತಿ ಅಳೆದಾಗಿದೆ, ಆದರೂ ಓಟ ಇಲ್ಲ ಅಂದರೆ ಇನ್ನು ಒಬ್ಬರೇ ಕೂತು ತಲೆ ಚಚ್ಚಿಕೊಳ್ಳಬೇಡಿ. ಕಣ ತಯಾರಿಸಿದವರ ಬಳಿ ಹೋಗಿ. ಹೋಗುವಾಗ ಮೂರು ವಿಡಿಯೋ ಒಯ್ಯಿರಿ: ಕತ್ತಲಲ್ಲಿ ನಿಮ್ಮ ಕಣ, ಬೆಳಕಲ್ಲಿ ನಿಮ್ಮ ಕಣ, ಅದೇ ಬೆಳಕಲ್ಲಿ ಸಾದಾ ಗುಂಡು. ಪಿಕ್ಸೆಲ್ ಅಳತೆ, ಫ್ರೇಮ್ ವೇಗ, ಕೋಣೆಯ ಉಷ್ಣಾಂಶ, ಸ್ಯಾಂಪಲ್ ಮುಚ್ಚಿದ ಸಮಯ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಅದೇ ಬಾಟಲಿಯ ಉಳಿದ ಸ್ಯಾಂಪಲನ್ನು ಚೆಲ್ಲಬೇಡಿ, ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಹಾಕಲು ಅವರು ಮೊದಲು ಕೇಳುವುದು ಅದನ್ನೇ.